ಸವಾರನ ಹೆಲ್ಮೆಟ್ ಬದಲಿಸುವುದು ಯಾವಾಗ?

ಕುದುರೆ ಸವಾರಿಯ ಹೆಲ್ಮೆಟ್ ಒಂದೇ ಒಂದು ದೊಡ್ಡ ಪೆಟ್ಟನ್ನು ತಡೆಯಲೆಂದು ತಯಾರಾದ ವಸ್ತು. ಆ ಪೆಟ್ಟು ಬಿದ್ದ ದಿನವೇ ಅದರ ಕೆಲಸ ಮುಗಿಯಿತು. ಕೊಂಡು ಒಂದು ವಾರವಾಗಿದ್ದರೂ ಅಷ್ಟೇ, ನಾಲ್ಕು ವರ್ಷವಾಗಿದ್ದರೂ ಅಷ್ಟೇ. ಪೆಟ್ಟೇ ಬೀಳದೆ ಉಳಿದ ಹೆಲ್ಮೆಟ್ಟಿಗೂ ಒಂದು ಕೊನೆಯಿದೆ, ಆದರೆ ಅದನ್ನು ಗುರುತಿಸುವುದು ಅಷ್ಟು ಸಲೀಸಲ್ಲ. ಬಿಸಿಲು, ಬೆವರು, ಸಡಿಲವಾದ ಪಟ್ಟಿ, ಮಕ್ಕಳಾದರೆ ಬೆಳೆಯುವ ತಲೆ, ಹಿಂದೆ ಬಿದ್ದ ಮಾನದಂಡ, ಇವೆಲ್ಲ ಸೇರಿ ಆ ಕೊನೆಯನ್ನು ತರುತ್ತವೆ. ‘ಐದು ವರ್ಷಕ್ಕೊಮ್ಮೆ ಬದಲಿಸಿ’ ಎಂಬ ಮಾತು ಸವಾರರ ನಡುವೆ ಬಾಯಿಂದ ಬಾಯಿಗೆ ಹರಿದಾಡುತ್ತದೆ. ಮಾತಿನಲ್ಲಿ ಹುರುಳಿದೆ; ಆದರೆ ಅದು ಎರಡನೆಯ ನಿಯಮ. ಮೊದಲನೆಯದು ಪೆಟ್ಟಿನದು.

ಪೆಟ್ಟಿಗೆ ಇಷ್ಟೊಂದು ಮಹತ್ವ ಏಕೆಂದು ತಿಳಿಯಲು ಹೆಲ್ಮೆಟ್ಟಿನ ಒಳಗನ್ನು ನೋಡಬೇಕು. ಹೊರಗಡೆ ಗಟ್ಟಿ ಚಿಪ್ಪು: ಎಬಿಎಸ್ ಪ್ಲಾಸ್ಟಿಕ್, ಪಾಲಿಕಾರ್ಬೊನೇಟ್, ಫೈಬರ್‌ಗ್ಲಾಸ್, ದುಬಾರಿ ಮಾದರಿಗಳಲ್ಲಿ ಕಾರ್ಬನ್ ಫೈಬರ್. ಕೆಲವಕ್ಕೆ ಅದರ ಮೇಲೆ ವೆಲ್ವೆಟ್ ಅಥವಾ ಸ್ಯೂಡ್ ಹೊದಿಕೆ. ಚಿಪ್ಪಿನ ಕೆಳಗೆ ಥರ್ಮೊಕೋಲಿನ ದಪ್ಪ ಪದರ. ಟಿವಿ, ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬರುವ ಪಾಲಿಸ್ಟೈರೀನ್ ಇದೇ. ಇಲ್ಲಿ ಮಾತ್ರ ಹೆಚ್ಚು ಸಾಂದ್ರವಾಗಿ ಎರಕ ಹೊಯ್ದಿರುತ್ತಾರೆ. ಅದರೊಳಗೆ ತಲೆಗೆ ತಾಗುವ ಮೆತ್ತನೆಯ ಬಟ್ಟೆ, ಸ್ಪಾಂಜು. ಕೊನೆಗೆ ಎಲ್ಲವನ್ನೂ ತಲೆಗೆ ಕಟ್ಟಿ ಹಿಡಿಯುವ ಗಲ್ಲದ ಪಟ್ಟಿ, ಬಕಲ್, ಹಿಂಬದಿಯ ಬಿಗಿ ಮಾಡುವ ತಿರುಪು. ಅಂಗಡಿಯಲ್ಲಿ ಹೆಚ್ಚಿನವರು ಒತ್ತಿ ನೋಡುವುದು ಒಳಗಿನ ಸ್ಪಾಂಜನ್ನು. ಅದು ಮೆತ್ತಗಿದ್ದರೆ ತಲೆ ಭದ್ರ ಎಂದುಕೊಳ್ಳುತ್ತಾರೆ. ಸ್ಪಾಂಜು ಇರುವುದು ಹಿತವಾಗಿ ಕೂರಲಿಕ್ಕೆ ಮಾತ್ರ. ಚಿಪ್ಪಿನ ಕೆಲಸ ಕಲ್ಲು, ಗೊರಸು, ಬೇಲಿಯ ಮೊನೆ ಒಳಗೆ ನುಗ್ಗದಂತೆ ತಡೆಯುವುದು, ಒಂದೇ ಕಡೆ ಬಿದ್ದ ಪೆಟ್ಟನ್ನು ಅಗಲಕ್ಕೆ ಹರಡುವುದು. ಮಿದುಳನ್ನು ಉಳಿಸುವುದು ನಡುವೆ ಅಡಗಿ ಕುಳಿತ ಥರ್ಮೊಕೋಲ್.

ಅದು ಉಳಿಸುವುದು ತಾನು ಜಜ್ಜಿಹೋಗಿ. ಪ್ಯಾಕಿಂಗಿನ ಥರ್ಮೊಕೋಲ್ ತುಂಡೊಂದನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೆ ಗುಳಿ ಬೀಳುತ್ತದೆ, ಬೆರಳು ತೆಗೆದರೆ ಗುಳಿ ಹಾಗೆಯೇ ಉಳಿಯುತ್ತದೆ. ಒಳಗಿದ್ದ ಗಾಳಿಗುಳ್ಳೆಗಳು ಚಪ್ಪಟೆಯಾಗಿವೆ, ಅವು ಮತ್ತೆ ಉಬ್ಬುವುದಿಲ್ಲ. ಹೆಲ್ಮೆಟ್ಟಿನಲ್ಲಿ ನಡೆಯುವುದೂ ಇದೇ. ತಲೆ ನೆಲಕ್ಕೆ ಬಡಿಯುವಾಗ ಗುಳ್ಳೆಗಳು ಸಾಲುಸಾಲಾಗಿ ಕುಸಿಯುತ್ತ ವೇಗವನ್ನು ನುಂಗುತ್ತವೆ, ತಲೆ ನಿಲ್ಲಲು ಒಂದೆರಡು ಸೆಂಟಿಮೀಟರಿನ ಜಾಗ ಸಿಗುತ್ತದೆ.

ಆ ಒಂದೆರಡು ಸೆಂಟಿಮೀಟರಿನ ಬೆಲೆ ಸರಳ ಲೆಕ್ಕದಲ್ಲಿ ಕಾಣುತ್ತದೆ. ಕುದುರೆಯ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು 2.5 ಮೀಟರ್ ಎತ್ತರದಲ್ಲಿರುತ್ತದೆ. ಕುದುರೆ ನಿಂತಿದ್ದರೂ ಸರಿ, ಅಷ್ಟು ಎತ್ತರದಿಂದ ಜಾರಿ ಬಿದ್ದ ತಲೆ ನೆಲ ಮುಟ್ಟುವಾಗ ಗಂಟೆಗೆ 25 ಕಿಲೋಮೀಟರ್ ವೇಗ ಪಡೆದಿರುತ್ತದೆ. ನಾಗಾಲೋಟದಲ್ಲಿದ್ದರೆ ಮುಂದಕ್ಕೆ ಎಸೆಯುವ ವೇಗವೂ ಜೊತೆಗೂಡುತ್ತದೆ. ಥರೋಬ್ರೆಡ್ ಕುದುರೆ ಗಂಟೆಗೆ 60 ಕಿಲೋಮೀಟರ್ ದಾಟಿ ಓಡಬಲ್ಲದು. ಈಗ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂದ ತಲೆ 20 ಮಿಲಿಮೀಟರ್ ದೂರದಲ್ಲಿ ನಿಂತಿತು ಎನ್ನೋಣ. ತಲೆ ತಾಳಿಕೊಳ್ಳಬೇಕಾದದ್ದು ಗುರುತ್ವ ವೇಗೋತ್ಕರ್ಷದ ಸರಾಸರಿ 90 ಪಟ್ಟು. ಪದರದ ಅರ್ಧ ಭಾಗ ಮೊದಲೇ ಜಜ್ಜಿಹೋಗಿ 10 ಮಿಲಿಮೀಟರ್ ಮಾತ್ರ ಉಳಿದಿದ್ದರೆ 180 ಪಟ್ಟು. ಎರಡೇ ಮಿಲಿಮೀಟರ್ ಉಳಿದಿದ್ದರೆ 900 ಪಟ್ಟು. ಅಮೆರಿಕದ ಎಎಸ್‌ಟಿಎಂ ಎಫ್1163 ಎಂಬ ಮಾನದಂಡ ಹೆಚ್ಚುಕಡಿಮೆ ಇದೇ ವೇಗದಲ್ಲಿ ಹೆಲ್ಮೆಟ್ಟನ್ನು ಸಪಾಟಾದ ಉಕ್ಕಿನ ಅಡಿಗಲ್ಲಿನ ಮೇಲೆ ಬೀಳಿಸಿ ಪರೀಕ್ಷಿಸುತ್ತದೆ; ಒಳಗಿನ ಕೃತಕ ತಲೆಗೆ 300 ಪಟ್ಟಿಗಿಂತ ಹೆಚ್ಚು ತಾಗಿದರೆ ಹೆಲ್ಮೆಟ್ ನಪಾಸು. ಆ ಪರೀಕ್ಷೆ ಪಾಸಾದದ್ದು ಹೊಸ ಹೆಲ್ಮೆಟ್. ಒಮ್ಮೆ ಪೆಟ್ಟು ತಿಂದದ್ದರ ಬಗ್ಗೆ ಆ ಪ್ರಮಾಣಪತ್ರ ಏನನ್ನೂ ಹೇಳುವುದಿಲ್ಲ.

ಆದ್ದರಿಂದ ಬಿದ್ದಾಗ ತಲೆ ನೆಲಕ್ಕೋ ಬೇಲಿಗೋ ಮರಕ್ಕೋ ತಾಗಿತ್ತೆಂದರೆ ಹೆಲ್ಮೆಟ್ಟನ್ನು ಬದಲಿಸಬೇಕು. ಕುದುರೆ ತಲೆಗೆ ಒದ್ದರೆ, ಸವಾರ ಬಿದ್ದ ಮೇಲೆ ಗೊರಸು ಹೆಲ್ಮೆಟ್ಟಿನ ಮೇಲೆ ಊರಿದರೆ ಬದಲಿಸಬೇಕು. ‘ಏನೂ ಆಗಿಲ್ಲ, ಗೀರೂ ಬಿದ್ದಿಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯದು. ಪ್ಲಾಸ್ಟಿಕ್ ಚಿಪ್ಪು ಪೆಟ್ಟಿಗೆ ಬಾಗಿ ಮರುಕ್ಷಣ ಹಳೆಯ ಆಕಾರಕ್ಕೆ ಮರಳುತ್ತದೆ, ಅದರ ಕೆಳಗಿನ ಥರ್ಮೊಕೋಲ್ ಮರಳುವುದಿಲ್ಲ. ಹೊರಗೆ ಹೊಚ್ಚಹೊಸದರಂತೆ ಹೊಳೆಯುವ ಹೆಲ್ಮೆಟ್ಟಿನೊಳಗೆ ಅಂಗೈ ಅಗಲದ ಜಾಗ ಜಜ್ಜಿಹೋಗಿರುವುದು ಸಾಧ್ಯ. ವೆಲ್ವೆಟ್ ಹೊದಿಸಿದ್ದರಲ್ಲಂತೂ ಚಿಪ್ಪಿನ ಬಿರುಕೂ ಕಾಣುವುದಿಲ್ಲ. ಎರಡನೇ ಸಲ ಬೀಳುವಾಗ ತಲೆಯ ಅದೇ ಭಾಗ ತಾಗದು ಎಂದು ನಂಬಿ ಕೂರುವುದು ಜೂಜು. ಸವಾರರು ಬೀಳುವ ಬಗೆಯಲ್ಲಿ ಒಂದು ವಾಡಿಕೆ ಇರುತ್ತದೆ; ಬೇಲಿಯ ಮುಂದೆ ಗಕ್ಕನೆ ನಿಲ್ಲುವ ಕುದುರೆ ಸವಾರನನ್ನು ಪ್ರತಿ ಸಲವೂ ಮುಂದಕ್ಕೇ ಎಸೆಯುತ್ತದೆ.

ಬಿದ್ದರೂ ತಲೆ ತಾಗದ ಸಂದರ್ಭಗಳಿವೆ. ಪಕ್ಕಕ್ಕೆ ಜಾರಿ ಕಾಲ ಮೇಲೇ ನಿಂತವರು, ಮರಳಿನ ಅಂಗಳದಲ್ಲಿ ಸೊಂಟದ ಮೇಲೆ ಕುಳಿತವರು ಹೆಲ್ಮೆಟ್ ಬಿಸಾಡಬೇಕಿಲ್ಲ. ಕಷ್ಟ ಎಂದರೆ, ತಲೆ ತಾಗಿತೋ ಇಲ್ಲವೋ ಎಂದು ಬಿದ್ದವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಅಲ್ಲಿದ್ದ ತರಬೇತುದಾರನನ್ನೋ ಕುದುರೆ ನೋಡಿಕೊಳ್ಳುವ ಸೈಸನನ್ನೋ ಕೇಳಬೇಕು. ಹೆಲ್ಮೆಟ್ಟಿನ ಮೇಲೆ ಮಣ್ಣು, ಹುಲ್ಲಿನ ಕಲೆ, ಹೊಸ ಗೀರು ಇದೆಯೇ ನೋಡಬೇಕು. ಬಿದ್ದವರು ನಡೆದದ್ದನ್ನು ನೆನಪಿಸಿಕೊಳ್ಳಲಾಗದೆ ತಡವರಿಸಿದರೆ, ಹೇಳಿದ್ದನ್ನೇ ಹೇಳಿದರೆ, ತಲೆನೋವು ಅಥವಾ ವಾಕರಿಕೆ ಎಂದರೆ ಹೆಲ್ಮೆಟ್ಟಿನ ವಿಚಾರ ಆಮೇಲಾಯಿತು. ಆ ದಿನದ ಸವಾರಿ ಅಲ್ಲಿಗೇ ನಿಲ್ಲಬೇಕು, ಡಾಕ್ಟರ ಬಳಿ ಹೋಗಬೇಕು.

ಇನ್ನೊಂದು ಪ್ರಶ್ನೆ ಸವಾರರನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ: ಕೈಜಾರಿ ಬಿದ್ದ ಖಾಲಿ ಹೆಲ್ಮೆಟ್. ಲಾಯದ ಸಿಮೆಂಟು ನೆಲದ ಮೇಲೆ ಹೆಲ್ಮೆಟ್ ಬೀಳಿಸದ ಸವಾರರಿಲ್ಲ. ಹೆಚ್ಚಿನ ತಯಾರಕರು ಗಟ್ಟಿ ನೆಲಕ್ಕೆ ಬಿದ್ದದ್ದನ್ನೂ ಬದಲಿಸಿ ಎಂದೇ ಬರೆದಿರುತ್ತಾರೆ. ಲೆಕ್ಕ ಸ್ವಲ್ಪ ಬೇರೆ ಮಾತು ಹೇಳುತ್ತದೆ. ಅರ್ಧ ಕಿಲೋ ತೂಗುವ ಖಾಲಿ ಹೆಲ್ಮೆಟ್ ಸೊಂಟದೆತ್ತರದಿಂದ ಬಿದ್ದರೆ ಅದರ ಶಕ್ತಿ ಸುಮಾರು 5 ಜೂಲ್. ಐದು ಕಿಲೋ ತೂಗುವ ತಲೆ ಸೆಕೆಂಡಿಗೆ 6 ಮೀಟರಿನಲ್ಲಿ ಬಡಿದರೆ 90 ಜೂಲ್. ಎರಡೂ ಒಂದೇ ಅಲ್ಲ. ಅಲ್ಲದೆ ಖಾಲಿ ಹೆಲ್ಮೆಟ್ಟಿನೊಳಗೆ ಥರ್ಮೊಕೋಲನ್ನು ಒಳಗಿನಿಂದ ಒತ್ತಲು ತಲೆಯೇ ಇರುವುದಿಲ್ಲ. ಬೆಂಚಿನಿಂದ ಮಣ್ಣಿಗೋ ಹುಲ್ಲಿಗೋ ಉರುಳಿದ್ದಕ್ಕೆ ಗಾಬರಿ ಬೇಡ. ಆದರೆ ಕಾಂಕ್ರೀಟಿನ ಅಂಚಿಗೆ, ಕಬ್ಬಿಣದ ಗೇಟಿಗೆ ಬಡಿದದ್ದು, ಓಡುವ ಜೀಪಿನಿಂದ ಬಿದ್ದದ್ದು, ಕುದುರೆ ತುಳಿದದ್ದು ಈ ರಿಯಾಯಿತಿಯೊಳಗೆ ಬರುವುದಿಲ್ಲ. ಸಣ್ಣ ಬೀಳುಗಳೂ ಹತ್ತಾರು ಸೇರಿದರೆ ಅಂಚಿನ ಥರ್ಮೊಕೋಲ್ ಪುಡಿಯಾಗತೊಡಗುತ್ತದೆ. ಜೀನಿನ ಕೊಕ್ಕೆಗೆ ಪಟ್ಟಿಯಿಂದ ನೇತುಹಾಕಿದ ಹೆಲ್ಮೆಟ್ ದಿನಕ್ಕೊಂದು ಸಲ ಗೋಡೆಗೆ ಬಡಿಯುತ್ತಿರುತ್ತದೆ. ಅದನ್ನು ಯಾರೂ ಬೀಳು ಎಂದು ಎಣಿಸುವುದಿಲ್ಲ.

ಅನುಮಾನ ಬಂದಾಗ ನೋಡುವ ಕ್ರಮವೊಂದಿದೆ. ಮೊದಲು ಒಳಗಿನ ಬಟ್ಟೆಯ ಪಟ್ಟಿಗಳನ್ನು ಕಳಚಬೇಕು. ಈಗಿನ ಹೆಚ್ಚಿನ ಹೆಲ್ಮೆಟ್ಟುಗಳಲ್ಲಿ ಅವು ವೆಲ್ಕ್ರೋದಿಂದ ಅಂಟಿರುತ್ತವೆ. ಬರಿಯ ಥರ್ಮೊಕೋಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ನೇರ ಬೆಳಕಿನಲ್ಲಿ ಕಾಣದ ತಗ್ಗುಗಳು ನೆರಳಾಗಿ ಕಾಣುತ್ತವೆ. ಕೂದಲೆಳೆಯಂಥ ಬಿರುಕು, ಒಂದು ಕಡೆ ಮಾತ್ರ ನುಣುಪಾಗಿ ಹೊಳೆಯುವ ಜಾಗ, ಬೆರಳಿಗೆ ಉದುರುವ ಬಿಳಿ ಕಾಳು, ಇವು ಮೂರರಲ್ಲಿ ಒಂದು ಕಂಡರೂ ಸಾಕು. ಆಮೇಲೆ ಚಿಪ್ಪಿನ ಅಂಚಿನಲ್ಲಿ ಉಗುರು ಆಡಿಸಿ ಚಿಪ್ಪಿಗೂ ಥರ್ಮೊಕೋಲಿಗೂ ನಡುವೆ ಸಂದು ಬಿಟ್ಟಿದೆಯೇ ನೋಡಬೇಕು. ಎರಡೂ ಕೈಯಲ್ಲಿ ಎಡಬಲದಿಂದ ಮೆಲ್ಲಗೆ ಅಮುಕಿದಾಗ ಕಿರ್ ಎಂದರೆ, ಒಂದು ಬದಿ ಇನ್ನೊಂದಕ್ಕಿಂತ ಸುಲಭವಾಗಿ ಬಾಗಿದರೆ, ಒಳಗೆಲ್ಲೋ ಅಂಟು ಬಿಟ್ಟಿದೆ. ಎಬಿಎಸ್ ಚಿಪ್ಪಿನಲ್ಲಿ ಬಲ ಬಿದ್ದ ಕಡೆ ಬಣ್ಣ ಬೆಳ್ಳಗಾಗುವುದುಂಟು. ಲಾಯದಲ್ಲಿ ಇಲಿಗಳಿಗೆ ಬರವಿಲ್ಲ; ಗೂಡು ಕಟ್ಟಲು ಅವು ಕಡಿದ ಥರ್ಮೊಕೋಲ್ ಬಟ್ಟೆಯ ಮರೆಯಲ್ಲಿ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರಬಹುದು.

ಈ ತಪಾಸಣೆಗೆ ಒಂದು ಮಿತಿಯಿದೆ. ಏನಾದರೂ ಕಂಡರೆ ಹೆಲ್ಮೆಟ್ ಕೆಟ್ಟಿದೆ ಎಂಬುದು ಖಚಿತ. ಏನೂ ಕಾಣದಿದ್ದರೆ ಚೆನ್ನಾಗಿದೆ ಎಂದು ಖಚಿತವಲ್ಲ. ಹಾಗಾಗಿ ತಲೆ ತಾಗಿದ್ದು ಗೊತ್ತಿರುವಾಗ ಪರೀಕ್ಷೆ ಮಾಡುತ್ತ ಕೂರುವುದರಲ್ಲಿ ಅರ್ಥವಿಲ್ಲ. ಕೆಲವು ತಯಾರಕರು ಪೆಟ್ಟು ತಿಂದ ಹೆಲ್ಮೆಟ್ಟನ್ನು ನಿಗದಿತ ಅವಧಿಯೊಳಗೆ ಹಿಂದಿರುಗಿಸಿದರೆ ಹೊಸದಕ್ಕೆ ರಿಯಾಯಿತಿ ಕೊಡುತ್ತಾರೆ. ಕೊಂಡಾಗಿನ ಬಿಲ್ಲು, ಪೆಟ್ಟಿಗೆಯೊಳಗಿನ ಕಾರ್ಡು ಇಟ್ಟುಕೊಂಡವರಿಗೆ ಮಾತ್ರ ಅದು ಸಿಗುತ್ತದೆ.

ಇನ್ನು ವರ್ಷದ ಲೆಕ್ಕ. ಹೆಲ್ಮೆಟ್ ಸುರಕ್ಷತೆಗೆಂದೇ ಇರುವ ಅಮೆರಿಕದ ಸ್ನೆಲ್ ಪ್ರತಿಷ್ಠಾನ ಐದು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತದೆ. ಹೆಚ್ಚಿನ ತಯಾರಕರ ಮಾತೂ ಅದೇ. ದಿನವೂ ಸವಾರಿ ಮಾಡುವವರಿಗೆ ಮೂರು ವರ್ಷ ಎನ್ನುವವರೂ ಇದ್ದಾರೆ. ಇದರ ಹಿಂದೆ ವ್ಯಾಪಾರದ ಲೆಕ್ಕವೂ ಇದೆಯೆಂದು ಗೊಣಗುವ ಸವಾರರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹಳೆಯ ಸೈಕಲ್ ಹೆಲ್ಮೆಟ್ಟುಗಳ ಥರ್ಮೊಕೋಲನ್ನು ಕೊರೆದು ತೆಗೆದು ಪರೀಕ್ಷಿಸಿದಾಗ, ಎರಡು ದಶಕ ದಾಟಿದವುಗಳಲ್ಲೂ ಅದರ ಪೆಟ್ಟು ನುಂಗುವ ಗುಣ ಹೇಳಿಕೊಳ್ಳುವಷ್ಟು ತಗ್ಗಿರಲಿಲ್ಲ. ಪೆಟ್ಟು ಬೀಳದ, ಬಿಸಿ ತಾಗದ ಥರ್ಮೊಕೋಲ್ ಕ್ಯಾಲೆಂಡರ್ ನೋಡಿ ಸಾಯುವುದಿಲ್ಲ.

ಹಾಗೆಂದು ಐದು ವರ್ಷದ ನಿಯಮ ಪೊಳ್ಳಲ್ಲ. ಹೆಲ್ಮೆಟ್ ಎಂದರೆ ಥರ್ಮೊಕೋಲ್ ಒಂದೇ ಅಲ್ಲ. ಚಿಪ್ಪನ್ನು ಪದರಕ್ಕೆ ಹಿಡಿದಿಟ್ಟ ಅಂಟು ಒಣಗುತ್ತದೆ, ಪಟ್ಟಿಯ ನೂಲು ಬೆವರಿನ ಉಪ್ಪಿಗೆ ಬಿರುಸಾಗುತ್ತದೆ, ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗುತ್ತದೆ. ಸ್ನೆಲ್ ಪ್ರತಿಷ್ಠಾನ ಕೊಡುವ ಕಾರಣಗಳಲ್ಲಿ ಅಂಟು, ರಾಳದ ಜೊತೆ ತಲೆಗೂದಲಿನ ಎಣ್ಣೆ, ಬೆವರು, ಸೌಂದರ್ಯ ಸಾಧನಗಳೂ ಸೇರಿವೆ. ದಿನವೂ ಕೊಬ್ಬರಿ ಎಣ್ಣೆ ಹಚ್ಚಿ ತಲೆ ಬಾಚುವವರ ನಾಡಿನಲ್ಲಿ ಇದನ್ನು ಕೊಂಚ ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಐದು ವರ್ಷದಲ್ಲಿ ಒಂದು ಹೆಲ್ಮೆಟ್ ಎಷ್ಟು ಸಲ ಬಿದ್ದಿದೆ, ಎಷ್ಟು ಮಧ್ಯಾಹ್ನ ಕಾರಿನಲ್ಲಿ ಬೆಂದಿದೆ, ಯಾರ‍್ಯಾರು ತೊಟ್ಟಿದ್ದಾರೆ ಎಂಬ ನೆನಪು ಯಾರಿಗೂ ಇರುವುದಿಲ್ಲ. ನೆನಪಿನ ಆ ಕೊರತೆಗೆ ಹಾಕಿದ ಗಡಿ ಈ ಐದು ವರ್ಷ. ವಾರಕ್ಕೊಂದು ದಿನ ಸವಾರಿ ಮಾಡಿ, ಹೆಲ್ಮೆಟ್ಟನ್ನು ಚೀಲದಲ್ಲಿಟ್ಟು ನೆರಳಿನಲ್ಲಿ ಕಾಪಾಡುವವರಿಗೆ ಅದು ಸ್ವಲ್ಪ ಬಿಗಿ ಎನಿಸಬಹುದು. ದಿನಕ್ಕೆ ನಾಲ್ಕೈದು ಕುದುರೆ ಹತ್ತುವವರಿಗೆ ತೀರಾ ಸಡಿಲ.

ಲೆಕ್ಕ ಶುರುವಾಗುವುದು ಯಾವ ದಿನದಿಂದ ಎಂಬಲ್ಲಿ ತಯಾರಕರು ಒಂದೇ ಮಾತಾಡುವುದಿಲ್ಲ. ಕೆಲವರು ತಯಾರಾದ ದಿನದಿಂದ, ಕೆಲವರು ಕೊಂಡ ದಿನದಿಂದ ಎಣಿಸುತ್ತಾರೆ. ತಯಾರಾದ ತಿಂಗಳು, ವರ್ಷ ಒಳಗಿನ ಚೀಟಿಯ ಮೇಲೆ, ಸಾಮಾನ್ಯವಾಗಿ ಬಟ್ಟೆಯ ಪಟ್ಟಿಯ ಅಡಿಯಲ್ಲಿ ಇರುತ್ತದೆ. ಭಾರತದಲ್ಲಿ ಸವಾರಿಯ ಸಾಮಾನು ಮಾರುವ ಅಂಗಡಿಗಳು ಬೆರಳೆಣಿಕೆಯವು, ಮಾಲು ಮೆಲ್ಲಗೆ ಖರ್ಚಾಗುತ್ತದೆ. ಎರಡು ವರ್ಷ ಗೋದಾಮಿನಲ್ಲಿದ್ದದ್ದು ಹೊಸದೆಂದು ಕೈಗೆ ಬರುವುದು ಅಪರೂಪವಲ್ಲ. ದುಡ್ಡು ಕೊಡುವ ಮೊದಲು ಆ ಚೀಟಿ ಓದಬೇಕು, ಕೊಂಡ ದಿನವನ್ನು ಅದರ ಪಕ್ಕದಲ್ಲೇ ಬರೆದಿಡಬೇಕು. ಆದರೆ ಬರೆಯುವುದು ಚೀಟಿಯ ಮೇಲೆ ಮಾತ್ರ. ಮಾರ್ಕರ್ ಪೆನ್ನಿನ ಶಾಯಿ ಥರ್ಮೊಕೋಲಿಗೆ ತಾಗಬಾರದು.

ವರ್ಷಕ್ಕಿಂತ ವೇಗವಾಗಿ ಹೆಲ್ಮೆಟ್ ಕೊಲ್ಲುವುದು ಬಿಸಿ. ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಪೂರ್ತಿ ಮೆತ್ತಗಾಗುತ್ತದೆ. ಅದಕ್ಕಿಂತ ಸಾಕಷ್ಟು ಮೊದಲೇ ಅದರ ಗುಳ್ಳೆಗಳು ಕುಗ್ಗತೊಡಗಬಹುದು, ಅಂಟು ಸಡಿಲಾಗಬಹುದು. ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಹಿಂದಿನ ಗಾಜಿನ ಕೆಳಗೆ ಹೆಲ್ಮೆಟ್ ಇಟ್ಟು ಓಡಾಡುವುದು ಸವಾರರ ಹಳೆಯ ಚಾಳಿ. ಹೊರಚಿಪ್ಪಿನ ಮೇಲೆ ಗುಳ್ಳೆ ಎದ್ದಿದ್ದರೆ, ಚಿಪ್ಪು ಅಲೆಯಲೆಯಾಗಿದ್ದರೆ, ಮೊದಲು ಸರಿಯಾಗಿ ಕೂರುತ್ತಿದ್ದದ್ದು ಈಗ ಒಂದು ಕಡೆ ಒತ್ತುತ್ತಿದ್ದರೆ ಅದು ಬಿಸಿಯ ಕೆಲಸ. ಒದ್ದೆಯಾದ ಹೆಲ್ಮೆಟ್ಟನ್ನು ಹೇರ್ ಡ್ರೈಯರ್‌ನಿಂದ ಒಣಗಿಸುವುದು, ಒಲೆಯ ಪಕ್ಕ ಇಡುವುದು ಇದೇ ತಪ್ಪಿನ ಬೇರೆ ರೂಪ.

ರಾಸಾಯನಿಕಗಳ ಹಾವಳಿ ಇನ್ನೂ ಚುರುಕು. ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಥರ್ಮೊಕೋಲಿಗೆ ತಾಗಿದರೆ ಅದು ಕಣ್ಣೆದುರೇ ಕರಗಿ ತೂತಾಗುತ್ತದೆ. ಸೊಳ್ಳೆ, ನೊಣ ಓಡಿಸಲು ಮೈಗೆ ಸಿಂಪಡಿಸಿಕೊಳ್ಳುವ ಡೀಟ್ ಎಂಬ ಔಷಧ ಕೆಲವು ಪ್ಲಾಸ್ಟಿಕ್‌ಗಳನ್ನು ಹಾಳುಮಾಡುತ್ತದೆ. ಲಾಯದಲ್ಲಿ ಅದರ ಬಾಟಲಿ ಇದ್ದೇ ಇರುತ್ತದೆ. ಸ್ಪ್ರೇ ಬಣ್ಣ ಹೊಡೆದ, ಕಂಡಕಂಡ ಸ್ಟಿಕ್ಕರ್ ಅಂಟಿಸಿದ, ಕ್ಯಾಮೆರಾ ಕೂರಿಸಲು ತೂತು ಕೊರೆದ ಹೆಲ್ಮೆಟ್ ತನ್ನ ಪ್ರಮಾಣಪತ್ರವನ್ನು ಅಲ್ಲಿಯೇ ಕಳೆದುಕೊಂಡಂತೆ. ತೊಳೆಯಲು ತಣ್ಣೀರು, ಮೆದು ಸೋಪು, ಒಂದು ಬಟ್ಟೆ ಸಾಕು. ಬೂಷ್ಟು ಹಿಡಿದು ನಾರುವ ಒಳಬಟ್ಟೆಯನ್ನು ಹೆಚ್ಚಿನ ಮಾದರಿಗಳಲ್ಲಿ ಬೇರೆಯಾಗಿಯೇ ಕೊಂಡು ಹಾಕಬಹುದು. ಆ ಒಂದು ಕಾರಣಕ್ಕೆ ಹೆಲ್ಮೆಟ್ಟನ್ನೇ ಬದಲಿಸಬೇಕಿಲ್ಲ.

ತಲೆಯ ಮೇಲೆ ನಿಲ್ಲದ ಹೆಲ್ಮೆಟ್ ಎಷ್ಟು ಹೊಸದಾದರೂ ಪ್ರಯೋಜನವಿಲ್ಲ. ಹುಬ್ಬಿನಿಂದ ಒಂದೆರಡು ಬೆರಳು ಮೇಲೆ, ನೆಲಕ್ಕೆ ಸಮನಾಗಿ ಕುಳಿತ ಹೆಲ್ಮೆಟ್ಟನ್ನು ಕೈಯಿಂದ ಹಿಂದೆಮುಂದೆ ಆಡಿಸಿದಾಗ ಹಣೆಯ ಚರ್ಮವೂ ಜೊತೆಗೆ ಆಡಬೇಕು. ಚರ್ಮ ಅಲ್ಲಾಡದೆ ಹೆಲ್ಮೆಟ್ ಮಾತ್ರ ಜಾರಿದರೆ ಅದು ಸಡಿಲ. ತೊಟ್ಟು ತೊಟ್ಟು ಒಳಗಿನ ಸ್ಪಾಂಜು ಅಮರಿಕೊಂಡಿರುತ್ತದೆ. ಕೊಂಡಾಗ ಬಿಗಿಯಾಗಿದ್ದದ್ದು ಎರಡು ವರ್ಷದಲ್ಲಿ ಸಡಿಲವಾಗುವುದು ಹೀಗೆ. ಹೊಸ ಸ್ಪಾಂಜಿನಿಂದ ಸರಿಹೋದರೆ ಸರಿ, ಇಲ್ಲವಾದರೆ ಬೇರೆ ಹೆಲ್ಮೆಟ್. ಗಲ್ಲದ ಪಟ್ಟಿಯನ್ನು ಎಳೆದು ಬಿಗಿ ಮಾಡಿ ಸಡಿಲನ್ನು ಮುಚ್ಚುವ ಉಪಾಯ ಕೆಲಸಕ್ಕೆ ಬಾರದು: ಬೀಳುವಾಗ ಹೆಲ್ಮೆಟ್ ಹಿಂದಕ್ಕೆ ಹೊರಳಿ ಹಣೆ ಬೋಳಾಗುತ್ತದೆ, ಪಟ್ಟಿ ಕುತ್ತಿಗೆಗೆ ಬರುತ್ತದೆ. ಕೂದಲಿನ ಗಂಟಿನ ಮೇಲೆ ಹೆಲ್ಮೆಟ್ ಕೂರಿಸಿ ಅಳತೆ ನೋಡಿದವರು ಕೂದಲು ಕತ್ತರಿಸಿದ ಮೇಲೆ ಮತ್ತೆ ಅಳತೆ ನೋಡಬೇಕು. ಮಕ್ಕಳ ಮಾತಂತೂ ಬೇರೆಯೇ. ‘ಇನ್ನೆರಡು ವರ್ಷ ಬರಲಿ’ ಎಂದು ಶಾಲೆಯ ಯೂನಿಫಾರಂ ದೊಡ್ಡದಾಗಿ ಹೊಲಿಸುವ ತಂದೆತಾಯಿ ಹೆಲ್ಮೆಟ್ಟಿನಲ್ಲೂ ಅದೇ ಜಾಣತನ ತೋರಿಸುತ್ತಾರೆ. ಇಲ್ಲಿ ಅದು ನಡೆಯದು. ಬೆಳೆಯುವ ಮಗುವಿಗೆ ಐದು ವರ್ಷದ ಮಾತೇ ಇಲ್ಲ. ಆರು ತಿಂಗಳಿಗೊಮ್ಮೆ ತೊಡಿಸಿ ನೋಡಬೇಕು.

ಪಟ್ಟಿಯ ಹೊಲಿಗೆ ಬಿಚ್ಚಿಕೊಳ್ಳತೊಡಗಿದ್ದರೆ, ಬಕಲ್ ಕ್ಲಿಕ್ ಎನ್ನದೆ ಕೂರುತ್ತಿದ್ದರೆ, ಹಿಂದಿನ ತಿರುಪಿನ ಪ್ಲಾಸ್ಟಿಕ್ ಸೀಳಿದ್ದರೆ ಚಮ್ಮಾರನ ಅಂಗಡಿಯ ರಿಪೇರಿ ಸಲ್ಲದು. ಪಟ್ಟಿ ಎಷ್ಟು ಬಲಕ್ಕೆ ಎಷ್ಟು ಜಗ್ಗಬಹುದು ಎಂಬುದೂ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಸೇರಿದೆ. ತಯಾರಕರೇ ಬಿಡಿಭಾಗ ಕೊಡುವುದಾದರೆ ಹಾಕಿಸಬಹುದು.

ಚೆನ್ನಾಗಿಯೇ ಇರುವ ಹೆಲ್ಮೆಟ್ಟನ್ನೂ ಬಿಡಬೇಕಾದ ಇನ್ನೊಂದು ಕಾರಣ, ಮಾನದಂಡವೇ ಮುಂದೆ ಹೋಗಿರುವುದು. ಹಳೆಯ ಫೋಟೋಗಳಲ್ಲಿ ಕಾಣುವ ಕಪ್ಪು ವೆಲ್ವೆಟ್ ಟೋಪಿ, ಪಟ್ಟಿಯಿಲ್ಲದ ಅಥವಾ ಬರೀ ಎಲಾಸ್ಟಿಕ್ ಇರುವ ಬೇಟೆಯ ಟೋಪಿ, ಅಂದಕ್ಕೆ ಮಾತ್ರ. ಅಪಘಾತದ ಹೆಲ್ಮೆಟ್ಟಿನ ವಿಜ್ಞಾನ ಬಲ ಪಡೆದದ್ದು ಮೋಟಾರ್ ಸೈಕಲ್ಲಿನಿಂದ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡಾಗ ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕ ಇದ್ದರು. ಆಮೇಲೆ ಬ್ರಿಟಿಷ್ ಸೇನೆಯ ಮೋಟಾರ್ ಸೈಕಲ್ ಸವಾರರ ಸಾವುಗಳನ್ನು ಲೆಕ್ಕಹಾಕಿ, ಹೆಲ್ಮೆಟ್ಟಿನಿಂದ ಜೀವ ಉಳಿಯುತ್ತದೆಂದು 1941ರಲ್ಲಿ ಬರೆದವರು ಅವರೇ. ಕುದುರೆಯ ಲೋಕ ಅಷ್ಟು ಬೇಗ ಬದಲಾಗಲಿಲ್ಲ. ಅಮೆರಿಕದ ಒಲಿಂಪಿಕ್ ಸವಾರೆ ಕೋರ್ಟ್ನಿ ಕಿಂಗ್-ಡೈ 2010ರ ಮಾರ್ಚಿನಲ್ಲಿ ಹೆಲ್ಮೆಟ್ಟಿಲ್ಲದೆ ತರಬೇತಿ ನಡೆಸುವಾಗ ಕುದುರೆ ಎಡವಿ, ತಲೆಬುರುಡೆ ಒಡೆದು ಕೋಮಾಕ್ಕೆ ಹೋದ ಮೇಲೆ ಹೆಲ್ಮೆಟ್ ಪರವಾದ ಚಳವಳಿ ಎದ್ದಿತು. ಡ್ರೆಸಾಜ್ ಪಂದ್ಯಗಳ ಎತ್ತರದ ಟಾಪ್ ಹ್ಯಾಟ್ ಅಂತಾರಾಷ್ಟ್ರೀಯ ಅಂಗಳದಿಂದ ಕೊನೆಗೂ ಇಳಿದದ್ದು 2021ರ ಜನವರಿಯಲ್ಲಿ, ಅಂತಾರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಹೆಲ್ಮೆಟ್ಟನ್ನು ಎಲ್ಲರಿಗೂ ಕಡ್ಡಾಯ ಮಾಡಿದಾಗ.

ತೊಡುವುದು ಕಡ್ಡಾಯವಾಯಿತು, ಯಾವುದನ್ನು ತೊಡಬೇಕೆಂಬ ಪಟ್ಟಿ ಮಾತ್ರ ಆಗಾಗ ಬದಲಾಗುತ್ತಲೇ ಇದೆ. ಯೂರೋಪಿನ ಹಳೆಯ ಇಎನ್ 1384 ಸಾಲದೆಂದು ಬದಿಗಿಟ್ಟು, 2014ರ ಕೊನೆಯಲ್ಲಿ ವಿಜಿ1 ಎಂಬ ತಾತ್ಕಾಲಿಕ ಮಾನದಂಡ ಬಂತು. 2017ರಲ್ಲಿ ಇಎನ್ 1384 ಹೊಸ ರೂಪದಲ್ಲಿ ಮರಳಿತು. ಬ್ರಿಟನ್ನಿನ ಪಿಎಎಸ್ 015, ಅಮೆರಿಕದ ಎಎಸ್‌ಟಿಎಂ ಎಫ್1163 ಮತ್ತು ಸ್ನೆಲ್ ಇ ಸಾಲಿನವು ಉಳಿದ ಮುಖ್ಯ ಗುರುತುಗಳು. ಒಂದೇ ಹೆಲ್ಮೆಟ್ಟಿನ ಮೇಲೆ ಎರಡು ಮೂರು ಗುರುತು ಇರುವುದುಂಟು. ಇಎನ್ 1384 ಎಂದು ಬರೆದು ಅದರ ಮುಂದೆ 1996 ಅಥವಾ 2012 ಎಂದಿದ್ದರೆ ಅದು ಹಿಂದಿನ ತಲೆಮಾರಿನದು. ಬ್ರಿಟನ್ನಿನ ಪಂದ್ಯಗಳಲ್ಲಿ ಅಧಿಕಾರಿಗಳು ಈ ಗುರುತು ನೋಡಿ ಹೆಲ್ಮೆಟ್ಟಿಗೆ ಬಣ್ಣದ ಟ್ಯಾಗ್ ಕಟ್ಟುತ್ತಾರೆ. ಟ್ಯಾಗ್ ಹೇಳುವುದು ಮಾನದಂಡ ಸರಿಯಿದೆ ಎಂದಷ್ಟೇ. ಹೆಲ್ಮೆಟ್ ಗಟ್ಟಿಯಿದೆಯೇ, ತಲೆಗೆ ಹೊಂದುತ್ತದೆಯೇ ಎಂಬುದು ಸವಾರನ ಪಾಲಿಗೇ ಉಳಿಯುತ್ತದೆ.

ತಲೆ ನೆಲಕ್ಕೆ ನೆಟ್ಟಗೆ ಬಡಿಯುವುದಕ್ಕಿಂತ ಓರೆಯಾಗಿ ಬಡಿದು ತಿರುಚಿಕೊಳ್ಳುವುದೇ ಹೆಚ್ಚು, ಆ ತಿರುಚು ಮಿದುಳಿಗೆ ಬಹಳ ಕೆಡುಕು ಎಂಬ ತಿಳಿವಳಿಕೆ ಈಚಿನದು. ಸ್ವೀಡನ್ನಿನಲ್ಲಿ ಇದಕ್ಕೆಂದೇ ರೂಪಿಸಿದ ಮಿಪ್ಸ್ ಎಂಬ ಜಾರುವ ತೆಳುಪದರ ಇಂದು ಹಲವು ಸೈಕಲ್, ಸ್ಕೀ ಹೆಲ್ಮೆಟ್ಟುಗಳಲ್ಲಿ ಇದೆ. ಅದು 2007ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಕುದುರೆ ಸವಾರಿಯ ಹೆಲ್ಮೆಟ್ಟಿನಲ್ಲೇ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪ್ರಯೋಗಾಲಯ 2022ರ ಕೊನೆಯಲ್ಲಿ ಸವಾರಿಯ ಹೆಲ್ಮೆಟ್ಟುಗಳಿಗೂ ನಕ್ಷತ್ರಗಳ ಅಂಕ ಕೊಡತೊಡಗಿತು. ಬದಲಿಸುವ ಹೊತ್ತು ಬಂದವರು ಬೆಲೆಯ ಚೀಟಿಗಿಂತ ಮೊದಲು ಆ ಅಂಕಪಟ್ಟಿ ನೋಡುವುದು ಮೇಲು. ಕಾರ್ಬನ್ ಫೈಬರ್, ಹರಳು ಕೂರಿಸಿದ ಪಟ್ಟಿ ಇವು ಬೆಲೆ ಏರಿಸುತ್ತವೆಯೇ ಹೊರತು ಅಂಕವನ್ನಲ್ಲ.

2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಸವಾರ ಫವಾದ್ ಮಿರ್ಜಾ ಎರಡು ಬೆಳ್ಳಿ ತಂದುಕೊಟ್ಟ ಬೆಂಗಳೂರಿನಲ್ಲಿ ಸವಾರಿ ಕಲಿಯುವವರಿಗೆ ಕೊರತೆಯಿಲ್ಲ. ಹೆಚ್ಚಿನ ಹೊಸಬರು ಮೊದಲು ತೊಡುವುದು ರೈಡಿಂಗ್ ಸ್ಕೂಲಿನ ಕಪಾಟಿನಲ್ಲಿರುವ ಸಾಮೂಹಿಕ ಹೆಲ್ಮೆಟ್. ಅದು ಎಷ್ಟು ತಲೆ ಕಂಡಿದೆ, ಎಷ್ಟು ಬೀಳು ಕಂಡಿದೆ ಎಂಬುದು ಅದನ್ನು ಕೊಡುವವರಿಗೂ ಗೊತ್ತಿರುವುದಿಲ್ಲ. ಪ್ರತಿ ಹೆಲ್ಮೆಟ್ಟಿಗೊಂದು ನಂಬರ್ ಹಾಕಿ, ಯಾವ ದಿನ ಯಾರು ಬಿದ್ದರೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಸ್ಕೂಲು ನಂಬಿಕೆಗೆ ಅರ್ಹ. ಕೆಲವು ತಿಂಗಳು ಕಲಿಯುವುದು ಖಚಿತವಾದ ಮೇಲೆ ಸ್ವಂತದ್ದು ಕೊಳ್ಳುವುದು ಲೇಸು. ಹಿಂದಿನ ಬೀಳುಗಳು ಗೊತ್ತಾಗದೆಂಬ ಇದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಯಾವ ಬೆಲೆಗೂ ಬೇಡ. ಜೀನು, ಬೂಟು ಹಳೆಯವು ಕೊಳ್ಳಬಹುದು, ಇದನ್ನಲ್ಲ.

ಮನೆಯಲ್ಲಿರುವ ಸ್ಕೂಟರಿನ ಹೆಲ್ಮೆಟ್ ಸಾಲದೇ ಎಂಬ ಪ್ರಶ್ನೆ ಇಲ್ಲಿ ಸಹಜ. ಅದರ ಮೇಲಿನ ಐಎಸ್‌ಐ ಗುರುತು ಐಎಸ್ 4151 ಎಂಬ ದ್ವಿಚಕ್ರದ ಮಾನದಂಡದ್ದು. ಕುದುರೆ ಸವಾರಿಯ ಪರೀಕ್ಷೆಗಳಲ್ಲಿ ಸಪಾಟು ಅಡಿಗಲ್ಲಿನ ಜೊತೆ ಚೂಪಂಚಿನ ಅಡಿಗಲ್ಲೂ ಇರುತ್ತದೆ. ಗೊರಸು, ಬೇಲಿಯ ಮೂಲೆ ಅದರ ಲೆಕ್ಕದಲ್ಲಿವೆ. ಸ್ಕೂಟರಿನದು ಭಾರ, ಕಿವಿ ಮುಚ್ಚುತ್ತದೆ, ಕುತ್ತಿಗೆ ತಿರುಗಿಸಲು ಅಡ್ಡ. ಸೈಕಲ್ಲಿನದು ತಲೆಯ ಹಿಂಭಾಗವನ್ನು ಕಡಿಮೆ ಮುಚ್ಚುತ್ತದೆ. ಏನೂ ಇಲ್ಲದ್ದಕ್ಕಿಂತ ಎರಡೂ ಮೇಲು, ಅಷ್ಟೇ.

ಹೊಸದು ಬಂದ ಮೇಲೆ ಹಳೆಯದನ್ನು ಲಾಯದ ಮೊಳೆಗೆ ನೇತುಹಾಕಿ ಬಿಡುವುದು ವಾಡಿಕೆ. ನೆಂಟರ ಮಗು ಸವಾರಿ ನೋಡಲು ಬಂದ ದಿನ ತಲೆಗೇರುವುದು ಅದೇ. ಗುಜರಿಗೆ ಹಾಕಿದರೂ ಒರೆಸಿ ಮತ್ತೆ ಮಾರಾಟಕ್ಕೆ ಬರಬಹುದು. ಆದ್ದರಿಂದ ಬಿಸಾಡುವ ಮೊದಲು ಗಲ್ಲದ ಪಟ್ಟಿಯನ್ನು ಬುಡದಲ್ಲಿಯೇ ಕತ್ತರಿಸಬೇಕು, ಒಳಗಿನ ಚೀಟಿ ಕೀಳಬೇಕು, ಚಿಪ್ಪಿನ ಮೇಲೆ ದಪ್ಪ ಅಕ್ಷರದಲ್ಲಿ ‘ಕೆಟ್ಟಿದೆ’ ಎಂದು ಬರೆಯಬೇಕು. ಪೆಟ್ಟು ತಿಂದದ್ದಾಗಿದ್ದರೆ ಗರಗಸದಿಂದ ಎರಡು ಹೋಳು ಮಾಡಿ ರೈಡಿಂಗ್ ಸ್ಕೂಲಿನ ಮೇಜಿನ ಮೇಲಿಡುವುದೂ ಒಳ್ಳೆಯದೇ; ಜಜ್ಜಿದ ಕಡೆಯ ಥರ್ಮೊಕೋಲ್ ಎಷ್ಟು ತೆಳ್ಳಗಾಗಿದೆಯೆಂದು ಹೊಸದಾಗಿ ಸೇರಿದವರು ಸ್ಕೇಲು ಹಿಡಿದು ಅಳೆದು ನೋಡಬಹುದು.